ಉಡಿಗೆ ಬಿದ್ದ ಪುಸ್ತಕ

"ಗುರುಗಳೇ, ಮುಖಪುಟ ಅಚ್ಚಾಗಿ ಬಂದಿದೆ, ಒಳಗಿನ ಪುಟಗಳು ಬಂದಿಲ್ಲ. ಭಾನುವಾರ ಬಿಡುಗಡೆ. ಖಾಲಿ ಹಾಳೆಗಳಿಗೆ ಮುಖಪುಟ ಅಂಟಿಸಿ ವೇದಿಕೆಯ ಮೇಲೆ ತೋರಿಸಿಬಿಟ್ಟರೆ ಯಾರಿಗೆ ಏನು ನಷ್ಟ?"

ಹೀಗೆ ಕೇಳಿದವನು ನೀಲಕಂಠ. ಸಣ್ಣದೊಂದು ಪ್ರಕಾಶನ ನಡೆಸುತ್ತಿದ್ದ. ಈ ಸಲ ಅವನು ತರುತ್ತಿದ್ದದ್ದು ನಿವೃತ್ತ ನರ್ಸ್ ಒಬ್ಬರ ಮೊದಲ ಕವನ ಸಂಕಲನ. ಆಮಂತ್ರಣ ಹಂಚಿಯಾಗಿತ್ತು. ಉತ್ತರ ಅವನಿಗೂ ಗೊತ್ತಿತ್ತು. ಯಾರಾದರೂ ಅದನ್ನು ಸುಳ್ಳುಮಾಡಲಿ ಎಂಬ ಆಸೆಯಿಂದ ಬಂದಿದ್ದ. ಅವನಿಗೆ ಪುಸ್ತಕದ ಕೆಲಸ ಕಲಿಸಿದ ಗುರುಗಳು ತಿದ್ದುತ್ತಿದ್ದ ಕರಡನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪ್ರಕಾಶಕನಿದ್ದ. ಕೆಟ್ಟವನೇನಲ್ಲ. ಒಳ್ಳೆಯ ಪುಸ್ತಕದ ಸುದ್ದಿ ಸಿಕ್ಕಿದರೆ ಊಟ ಬಿಟ್ಟು ಓಡುವವನು. ಅದೇ ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಗಂಡ ಹೆಂಡತಿ ಇಬ್ಬರೂ ನೇಕಾರರ ನೂಲಿಗೆ ಬಣ್ಣ ಹಾಕಿ ಬದುಕಿದವರು. ಮುದುಕಿಗೆ ಒಗಟುಗಳೆಂದರೆ ಜೀವ. ಅವಳು ಒಗಟು ಹಾಕಿ, ಎದುರಿಗಿದ್ದವರು ತಲೆ ಕೆರೆದುಕೊಳ್ಳುತ್ತ ಕೂತರೆ ಅವಳಿಗೆ ಅದೇ ಹಬ್ಬ. ಪ್ರಕಾಶಕ ಅವಳ ಮುಂದೆ ಕೂತು ಎಲ್ಲವನ್ನೂ ಬರೆದುಕೊಂಡ. ಯಾರು ಹೇಳಿಕೊಟ್ಟರು ಎಂದು ಕೇಳಿದಾಗಲೆಲ್ಲ "ನಮ್ಮವ್ವ" ಎಂದಳು. ಅವಳಿಗೆ ಓದು ಬಾರದು. ಅವ್ವನ ಮಾತು ಪುಸ್ತಕವಾಗುತ್ತದೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಬಿಡುಗಡೆಗೆ ದೊಡ್ಡ ವಿದ್ವಾಂಸರೊಬ್ಬರು ಒಪ್ಪಿದರು. ಅವರ ದಿನ ಮತ್ತೆ ಸಿಗುವಂಥದ್ದಲ್ಲ. ಅಚ್ಚಿನ ಮನೆಯವನು ಮಾತ್ರ ಬರೀ ಮುಖಪುಟ ಕಳಿಸಿ ಕೈಕೊಟ್ಟ. ಪ್ರಕಾಶಕ ಖಾಲಿ ಹಾಳೆಗಳನ್ನು ಹೊಲಿದು, ಮೇಲೆ ಮುಖಪುಟ ಅಂಟಿಸಿ, ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ. ಸಭೆ ಮುಗಿದ ಮೇಲೆ ಮೆಲ್ಲಗೆ ಎತ್ತಿಟ್ಟುಕೊಂಡರಾಯಿತು ಎಂಬುದು ಅವನ ಲೆಕ್ಕಾಚಾರ.

ವಿದ್ವಾಂಸರು ರಿಬ್ಬನ್ ಬಿಚ್ಚಿದರು. ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದು ಫೋಟೋಕ್ಕೆ ನಿಂತರು. ತೆರೆದು ನೋಡಲಿಲ್ಲ. ಬಿಡುಗಡೆ ಮಾಡುವವರು ತೆರೆದು ನೋಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಪುಟಪುಟದಲ್ಲೂ ನೆಲದ ಜಾಣತನ ತುಂಬಿದೆ ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಪ್ರಕಾಶಕನೂ ತಟ್ಟಿದ.

ಕೊನೆಯಲ್ಲಿ ಮುದುಕಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಎಲ್ಲ ಹಾಕಿದ ಮೇಲೆ ವಿದ್ವಾಂಸರ ಹೆಂಡತಿ ಮೇಜಿನ ಮೇಲಿದ್ದ ಪುಸ್ತಕವನ್ನೂ ತೆಗೆದು ಅವಳ ಉಡಿಗೆ ಹಾಕಿಬಿಟ್ಟರು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಪ್ರಕಾಶಕ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಉಡಿಗೆ ಬಿದ್ದದ್ದನ್ನು ತಿರುಗಿ ಕೇಳುವವರುಂಟೆ? ನಾಳೆ ಬೆಳಿಗ್ಗೆಯೇ ಹೋಗಿ ನಿಜ ಹೇಳಿಬಿಡುತ್ತೇನೆ ಎಂದುಕೊಂಡ. ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಅಚ್ಚಾದ ಪುಸ್ತಕಗಳ ಕಟ್ಟು ಬಂದು ಅವನ ಕೋಣೆಯ ಮೂಲೆ ಸೇರಿತು. ಆಗಲೂ ಹೋಗಲಿಲ್ಲ.

ಕಡೆಗೆ ಮುದುಕಿಯೇ ಬಂದಳು. ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದಿದ್ದಳು. ಓದು ಬಾರದಿದ್ದರೇನು, ಅಚ್ಚಾದ ಹಾಳೆ ಯಾವುದು, ಖಾಲಿ ಹಾಳೆ ಯಾವುದು ಎಂದು ಕಣ್ಣಿಗೆ ಕಾಣುವುದಿಲ್ಲವೆ? ಓದಿ ಹೇಳುತ್ತೇನೆ ಎಂದ ಸೊಸೆಗೂ ತೋರಿಸದೆ ಹಾಸಿಗೆಯ ಕೆಳಗಿಟ್ಟಿದ್ದಳು. ಪ್ರಕಾಶಕ ಅವಳ ಬೈಗುಳಕ್ಕೆ ಕಾದು ನಿಂತ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಯಪ್ಪಾ, ಸಿಟ್ಟಾಗಬ್ಯಾಡ" ಎಂದಳು ಮುದುಕಿ. "ನಿನಗ ಹೇಳಿದ ಒಗಟಿನಾಗ ಕೆಲವು ನಮ್ಮವ್ವಂದಲ್ಲ. ಆಚಿ ಓಣಿ ಗಂಗವ್ವ ಹೇಳಿದ್ವು. ಪುಸ್ತಕದಾಗ ಅಕಿ ಹೆಸರ್ಯಾಕ ಬೇಕು ಅಂತ ಹೊಟ್ಟಿಕಿಚ್ಚಿಗೆ ಸುಳ್ಳು ಹೇಳಿದೆ. ನಿನಗ ಹ್ಯಾಂಗೋ ಗೊತ್ತಾಗಿತ್ತು. ಅದಕ್ಕ ಒಳಗ ಅಚ್ಚು ಹಾಕಿಸಲಿಲ್ಲ. ನೂಲಿನಾಗ ಜಿಡ್ಡು ಇದ್ರ ಬಣ್ಣ ಹತ್ತೂದಿಲ್ಲ, ಅಷ್ಟು ನನಗ ಗೊತ್ತಿಲ್ಲೇನು? ಆದರೂ ನೀ ದೊಡ್ಡಾಂವ. ಅಷ್ಟು ಮಂದಿ ಮುಂದ ಒಂದು ಮಾತು ಆಡದ ನನ್ನ ಮಾನ ಕಾಯ್ದಿ."

ಅವಳು ಪುಸ್ತಕವನ್ನು ಅವನ ಕಾಲ ಬಳಿ ಇಟ್ಟಳು. ಪ್ರಕಾಶಕನಿಗೆ ನಾಚಿಕೆಯಾಯಿತು. ತಪ್ಪು ನಂದು ಎನ್ನಲು ಬಾಯಿ ತೆರೆದ. ಆದರೆ ತಪ್ಪು ಮಾಡಿದವನ ಜಾಗದಲ್ಲಿ ಆಗಲೇ ಅವಳು ಕೂತಿದ್ದಳು. ಕ್ಷಮಿಸುವವನ ಜಾಗ ಖಾಲಿಯಿತ್ತು. ಅವನು ಹೋಗಿ ಅಲ್ಲಿ ಕೂತುಬಿಟ್ಟ.

"ಆಗಲಿ ಬಿಡು ಯವ್ವಾ, ನೀ ಒಪ್ಪಿಕೊಂಡ್ಯಲ್ಲ, ಅಷ್ಟ ಸಾಕು" ಎಂದ. ಮೂಲೆಯ ಕಟ್ಟಿನಿಂದ ಅಚ್ಚಾದ ಪುಸ್ತಕವೊಂದನ್ನು ತೆಗೆದು ಅವಳ ಕೈಗೆ ಕೊಟ್ಟ.

ಮುದುಕಿ ಹಾಳೆ ತಿರುವಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಕಣ್ಣು ಒರೆಸಿಕೊಂಡಳು. ಅಲ್ಲಿಂದ ನೇರವಾಗಿ ಗಂಗವ್ವನ ಬಾಗಿಲಿಗೆ ಹೋಗಿ, ಓಣಿಯವರೆಲ್ಲ ನೋಡುತ್ತಿದ್ದಂತೆ, ನಿನ್ನ ಒಗಟು ಕದ್ದೆ, ಗೊತ್ತಿದ್ದೂ ಪ್ರಕಾಶಕ ನನ್ನ ಮಾನ ಕಾಯ್ದ ಎಂದು ಕೈಮುಗಿದಳು. ಗಂಗವ್ವ ಅಲ್ಲೇ ಅವಳನ್ನು ಅಪ್ಪಿಕೊಂಡು ಸುಮ್ಮನಾದಳು. ಆದರೆ ಓಣಿಯ ಬಾಯಿ ಸುಮ್ಮನಿರುತ್ತದೆಯೆ? ಒಗಟುಗಳ್ಳಿ ಎಂದು ಹೆಸರಿಟ್ಟಿತು. ಆ ಹೆಸರು ಸೊಸೆಯ ಕಿವಿಗೂ ಬಿತ್ತು. ಮುದುಕಿ ಆಮೇಲೆ ಯಾರಿಗೂ ಒಗಟು ಹಾಕಲಿಲ್ಲ. ಕೇಳಿದರೆ, ಅವು ನನ್ನವಲ್ಲ ಎನ್ನುತ್ತಿದ್ದಳು. ಅವ್ವ ಹೇಳಿಕೊಟ್ಟವನ್ನೂ ಹಾಗೇ ಅನ್ನುತ್ತಿದ್ದಳು.

ಪ್ರಕಾಶಕನ ಹೆಸರು ಮಾತ್ರ ಬೆಳೆಯಿತು. ಎಂಥ ದೊಡ್ಡ ಮನಸ್ಸಪ್ಪ, ಎಲ್ಲ ಗೊತ್ತಿದ್ದೂ ಮುದುಕಿಯ ಮಾನ ಕಳೆಯಲಿಲ್ಲ ಎಂದು ಜನ ಹೋಟೆಲಿನಲ್ಲಿ ಆಡಿಕೊಳ್ಳುವುದು ಅವನ ಕಿವಿಗೇ ಬಿತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಓಣಿಯವರೆಗೆ ಹೋದ. ಪ್ರತಿ ಸಲವೂ ಯಾರೋ ಒಬ್ಬರು ಎದುರಾಗಿ ಅವನಿಗೆ ನಮಸ್ಕಾರ ಮಾಡುತ್ತಿದ್ದರು. ಅವನು ತಿರುಗಿ ನಮಸ್ಕಾರ ಮಾಡಿ ಬಂದ ದಾರಿ ಹಿಡಿಯುತ್ತಿದ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಕರಡನ್ನು ಮತ್ತೆ ಕೈಗೆತ್ತಿಕೊಂಡರು. ನೀಲಕಂಠ ತಲೆ ತಗ್ಗಿಸಿ ಕೂತಿದ್ದ. ಅವನ ಅಂಗಿಯ ಕಿಸೆಯಲ್ಲಿ ಆಮಂತ್ರಣದ ಒಂದು ಪ್ರತಿಯಿತ್ತು. ಅದನ್ನು ಮುಟ್ಟಿ ನೋಡಿಕೊಂಡು ಕೇಳಿದ, "ಕಡೆಗಾದರೂ ಅವನು ಹೋಗಿ ನಿಜ ಹೇಳಿದನೇ ಗುರುಗಳೇ?"

ಗುರುಗಳು ಕರಡಿನಿಂದ ಕಣ್ಣೆತ್ತದೆ ಹೇಳಿದರು:

"ಅವನ ಮಾತು ಹಾಗಿರಲಿ, ಭಾನುವಾರ ಆ ಖಾಲಿ ಹಾಳೆಗಳನ್ನು ನೀನು ಯಾರ ಉಡಿಗೆ ಹಾಕುತ್ತೀಯಪ್ಪ?"