ಫಕೀರಪ್ಪನ ಹೊಸ ಕಂಪ್ಯೂಟರು

ಹಾಲವ್ವನಿಗೆ ಒಬ್ಬನೇ ಮಗ, ಅವನಿಗೆ ಬುದ್ಧಿ ಅರ್ಧ. ಅರ್ಧ ಅಂತ ನಾನು ಸಂಕೋಚಕ್ಕೆ ಹೇಳಿದೆ, ನೀವು ಇನ್ನೂ ಒಂಚೂರು ಕಳೆದುಕೊಳ್ಳಿ. ಹೆಸರು ಫಕೀರಪ್ಪ. ತಾಯಿಯ ಮಾತನ್ನು ಒಂದು ಸಲವೂ ಮೀರಿದವನಲ್ಲ, ಅದೇ ಅವಳ ಕರ್ಮ. ರಾಣೆಬೆನ್ನೂರಿನಲ್ಲಿ ಅವರದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು. ಹಾಲವ್ವನ ಎದೆ ಸೋತಿದೆ, ಹೆಚ್ಚು ದಿನವಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ತಾನು ಕಣ್ಣು ಮುಚ್ಚಿದರೆ ಮೀಸೆ ಬಂದ ಈ ಕೂಸಿನ ಗತಿಯೇನು ಅನ್ನುವುದೊಂದೇ ಅವಳ ಚಿಂತೆ.

ಹಳೇ ಕಂಪ್ಯೂಟರು ಕೈಕೊಟ್ಟಿತು, ಹೊಸದು ಬಂತು. ಹೊಸದರ ಪ್ರೊಸೆಸರೇ ಬೇರೆ ಜಾತಿ. ಕಾರ್ಡಿನ ಸಾಫ್ಟ್‌ವೇರು ಹಳೇ ಜಾತಿಗೆಂದು ಮಾಡಿದ್ದು. ಅದರ ಒಂದೊಂದು ಮಾತನ್ನೂ ಇದು ತರ್ಜುಮೆ ಮಾಡಿಕೊಂಡು ನಡೆಸಬೇಕು. ಅಕ್ಷರ ಒತ್ತಿ, ಚಹಾ ಕುಡಿದು ಬಂದರೆ ಆಗ ಮೂಡುತ್ತಿತ್ತು. ಹಾಲವ್ವ ರಿಪೇರಿಯವನನ್ನು ಕೇಳಿಕೊಂಡು ಬಂದು ಮಗನಿಗೆ ತಿಳಿಹೇಳಿದಳು: ಬ್ರೌಸರಿನಲ್ಲಿ ತೆರೆಯುವ ಸಾಫ್ಟ್‌ವೇರಿಗೆ ಪ್ರೊಸೆಸರು ಯಾವುದಾದರೇನು, ಅದರಲ್ಲೇ ಮಾಡು, ಮಾಡಿದ್ದು ನೆಟ್ಟಿನಲ್ಲೇ ಉಳಿಯುತ್ತದೆ, ಮೆಷಿನ್ನಿನಲ್ಲಿ ಏನೂ ಇರಬೇಕಾಗಿಲ್ಲ.

ಇರಬೇಕಾಗಿಲ್ಲವಲ್ಲ! ಅವಳು ವರ್ಷಗಟ್ಟಲೆ ಕೂಡಿಟ್ಟು ಹೊಸದಕ್ಕೂ ತುಂಬಿಸಿದ್ದ ಕಾರ್ಡಿನ ನಮೂನೆಗಳನ್ನೆಲ್ಲ ಫಕೀರಪ್ಪ ಕೂತು ಅಳಿಸಿಹಾಕಿದ.

"ಅಯ್ಯೋ ನನ ಮಗನ, ನೆಟ್ಟು ಇವತ್ತು ಇರತೈತಿ, ನಾಳೆ ಹೋಗತೈತಿ. ಇನ್ನಮ್ಯಾಲೆ ನಮ್ಮ ಮೆಷಿನ್ನಿನಾಗ ಏನೈತೋ ಅದರಾಗ ಕೆಲಸ ಮಾಡು."

"ಹೂಂ ಯವ್ವಾ."

ಮುಂದೆ ತಿಥಿ ಕಾರ್ಡಿನವರು ಬಂದರು. ತೀರಿಹೋದ ಅಜ್ಜನ ಫೋಟೊ ಮೇಲ್ ಮಾಡಿದ್ದೇವೆ ಅಂದರು. ನೆಟ್ಟಿನದು ಬೇಡ ಅಂದಿದ್ದಾಳಲ್ಲ ಅವ್ವ! ಮೆಷಿನ್ನಿನಲ್ಲಿದ್ದದ್ದು ಕಿರಾಣಿ ಅಂಗಡಿ ಚೆನ್ನವೀರಪ್ಪನ ಫೋಟೊ ಒಂದೇ. ಅದನ್ನೇ ಹಾಕಿದ. ಅವರೂ ದುಃಖದಲ್ಲಿ ನೋಡದೆ ಹಂಚಿದರು. ಜನ ಹಾರ ಹಿಡಿದು ಕಿರಾಣಿ ಅಂಗಡಿಗೆ ಹೋದರೆ, ತಕ್ಕಡಿ ಹಿಡಿದು ನಿಂತಿದ್ದ ಚೆನ್ನವೀರಪ್ಪ ತನ್ನ ಹಾರ ತಾನೇ ಈಸಿಕೊಂಡ. ಹಾಲವ್ವ ಮನೆಮನೆಯ ಮೆಟ್ಟಿಲು ಹತ್ತಿ ಕೈಮುಗಿದು ಬಂದಳು. ಎದೆ ಇನ್ನಷ್ಟು ಸೋತಿತು.

ಕೊನೆಗೆ ರಿಪೇರಿಯವನು ಈ ಪ್ರೊಸೆಸರಿಗೆಂದೇ ಬರೆದ ಸಾಫ್ಟ್‌ವೇರು ಹುಡುಕಿ ತಂದ. ನೆಟ್ಟೂ ಬೇಡ, ತರ್ಜುಮೆಯೂ ಬೇಡ, ಬೆರಳು ಎತ್ತುವ ಮೊದಲೇ ಅಕ್ಷರ. ಹಾಲವ್ವನಿಗೆ ಜೀವ ಬಂದಂತಾಗಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಪ್ಪ, ಹಳೇದು ಏದುಸಿರು ಬಿಡಾಕತ್ತಿದ್ರ ಅದನ್ನ ಕಟಗೊಂಡು ಅಳಬಾರದು. ಅದನ್ನ ತಗದು, ಹೊಸದು ತಂದು ಹಾಕಬೇಕು. ತಿಳೀತಿಲ್ಲೋ?"

"ತಿಳೀತ ಯವ್ವಾ."

ಆ ಸಂಜೆಯೇ ಅವಳು ಹಾಸಿಗೆ ಹಿಡಿದಳು. ಉಸಿರು ಎಳೆದು ಎಳೆದು ಬಿಡುತ್ತಿದ್ದಳು. ಫಕೀರಪ್ಪ ನಿಂತು ನೋಡಿದ. ಆಮೇಲೆ ಎದುರು ಮನೆಗೆ ಹೋದ. ಅಲ್ಲಿ ರೊಟ್ಟಿ ಮಾರುವ ಕಾಳವ್ವ ಇದ್ದಳು, ಗಂಡನಿಲ್ಲ, ಮಕ್ಕಳಿಲ್ಲ. ಹಿಟ್ಟಿನ ಕೈಯನ್ನೇ ಹಿಡಿದು ಕರೆತಂದ.

"ಯವ್ವಾ, ನೀ ಏದುಸಿರು ಬಿಡಾಕತ್ತೀದಿ. ಹೊಸ ಅವ್ವನ್ನ ತಂದೀನಿ. ನೀ ಏಳು."

ಕಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಗನಿಗೆ ಹೇಳುವ ಬುದ್ಧಿಮಾತು ಹಾಲವ್ವನಲ್ಲಿ ಯಾವುದೂ ಉಳಿದಿರಲಿಲ್ಲ. ಗೋಡೆಯತ್ತ ಸರಿದು ಜಾಗ ಮಾಡಿಕೊಟ್ಟಳು.

"ಕುಂದ್ರವ್ವ ಕಾಳವ್ವ. ಇವಗ ಉಣ್ಣು ಅಂತ ಹೇಳಿದ್ರ, ಸಾಕು ಅಂತನೂ ನೀನ ಹೇಳಬೇಕು."

ಹಳೇದನ್ನು ತೆಗೆಯಬೇಕಲ್ಲ! ಫಕೀರಪ್ಪ ಹಾಲವ್ವನ ಮೈಮೇಲಿನ ಕೌದಿ ತೆಗೆದು, ನೀಟಾಗಿ ಮಡಿಚಿ, ಹೊರಗಿಡಲು ಹೋದ.