ಏಳು ಬೀಗದ ಪೆಟ್ಟಿಗೆ

"ಕಲ್ಲಾವತಿಯ ಪ್ರಜೆಗಳು ಕೇಳಿರಿ. ನಮ್ಮ ಯಂತ್ರಶಾಲೆ ಸಿಡಿಲಿಗೆ ಸುಟ್ಟುಹೋಗಿದೆ. ಐವತ್ತಾರು ಕಚೇರಿಗಳ ಸರ್ವರುಗಳು ಬೂದಿಯಾಗಿವೆ. ಇನ್ನು ರಾಜ್ಯದ ಕೆಲಸವೆಲ್ಲ ಕ್ಲೌಡಿನಲ್ಲಿ ನಡೆಯಬೇಕೆಂದು ಭುಜಂಗರಾಯ ಮಹಾರಾಜರ ಅಪ್ಪಣೆ. ಅದನ್ನು ಕಟ್ಟಲು ಬರುವವನು ಮೊದಲು ಮಹಾರಾಜರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಕ್ಲೌಡಿನ ಯಜಮಾನಿಕೆ, ಜೊತೆಗೆ ಅರಮನೆಯಲ್ಲಿ ಅವನು ಕೇಳಿದ ಒಂದು ವಸ್ತು. ತಪ್ಪಿದವನಿಗೆ ಶೂಲ."

ಡಂಗುರದವನು ಮೂರು ಸಲ ಸಾರಿ ಮುಂದಿನ ಬೀದಿಗೆ ಹೋದ. ಗುರುಮಲ್ಲ ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತುಕೊಂಡ. ಒಂಬತ್ತು ವರ್ಷ ಆ ಯಂತ್ರಶಾಲೆಯ ಕಸ ಗುಡಿಸಿದವನು ಅವನು. ಅವನಿಗೆ ಯಜಮಾನಿಕೆ ಬೇಕಿರಲಿಲ್ಲ. ಐದು ವರ್ಷದ ಹಿಂದೆ ಅರಮನೆಯವರು ಊರೂರಿನ ಮಕ್ಕಳ ಓದನ್ನು ಧ್ವನಿಮುದ್ರಿಸಿಕೊಂಡಿದ್ದರು. ಅವನ ತಂಗಿ ಪುಟ್ಟಮಾದಿ ಎರಡು ನಿಮಿಷ ಪಾಠ ಓದಿದ್ದಳು. ಅದೇ ತಿಂಗಳು ಜ್ವರ ಬಂದು ನಾಲ್ಕನೆಯ ದಿನಕ್ಕೆ ಹೋಗಿಬಿಟ್ಟಳು. ಮನೆಯಲ್ಲಿ ಅವಳದೊಂದು ಚಿತ್ರವೂ ಇಲ್ಲ. ಯಂತ್ರಗಳು ಸುಟ್ಟರೇನು, ಎಲ್ಲದರ ನಕಲೂ ಅರಮನೆಯ ನೆಲಮಾಳಿಗೆಯಲ್ಲಿರುವ ಬ್ಯಾಕಪ್ ಪೆಟ್ಟಿಗೆಯಲ್ಲಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಎರಡು ನಿಮಿಷವನ್ನು ಕೇಳಿ ಪಡೆಯಬೇಕೆಂದು ಅವನು ಸಭೆಗೆ ನಡೆದ.

ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ಶಾಲು ಹೊದ್ದ ಪಂಡಿತ. ದೊರೆ ಅವನನ್ನು ಕೇಳಿದ: "ಒಂದೇ ಒಲೆ, ಅದರ ಮೇಲೆ ನೂರು ಸಂಸಾರದ ಅಡುಗೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಒಲೆ ತಮ್ಮೊಬ್ಬರದೇ ಎಂದು ಪ್ರತಿ ಮನೆಯವರೂ ತಿಳಿದಿದ್ದಾರೆ. ಅದು ಆರಿದರೆ ನೂರು ಮನೆಯೂ ಒಟ್ಟಿಗೆ ಉಪವಾಸ. ಏನದು?"

"ಸೂರ್ಯ, ಮಹಾಸ್ವಾಮಿ."

"ಸೂರ್ಯ ತನ್ನೊಬ್ಬನದೇ ಎಂದು ಯಾರೂ ತಿಳಿದಿಲ್ಲ" ಎಂದ ದೊರೆ. ಭಟರು ಪಂಡಿತನನ್ನು ಕರೆದೊಯ್ದರು. ಶಾಲು ಅಲ್ಲೇ ಬಿದ್ದಿತ್ತು.

ಎರಡನೆಯವನು ಊರೂರಿಗೆ ಕ್ಲೌಡ್ ಮಾರುವ ವ್ಯಾಪಾರಿ. "ಒಲೆಯೆಂದರೆ ಒಂದು ದೊಡ್ಡ ಯಂತ್ರ. ಸಂಸಾರಗಳೆಂದರೆ ಅದರೊಳಗೆ ಮಾಡಿದ ವರ್ಚುವಲ್ ಸರ್ವರುಗಳು" ಎಂದು ಥಟ್ಟನೆ ಹೇಳಿದ. ಸಭೆ ತಲೆದೂಗಿತು.

ದೊರೆ ಎರಡನೆಯದನ್ನು ಕೇಳಿದ: "ಎಲ್ಲರೂ ಮೇಲಿದೆ ಅನ್ನುತ್ತಾರೆ, ಇರುವುದು ನೆಲದ ಮೇಲೆ. ಮನೆಯ ಗುಟ್ಟೆಲ್ಲ ಅದಕ್ಕೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ, ಅದನ್ನು ಕಂಡವರಿಲ್ಲ. ಅದು ಕುಡಿಯುವ ನೀರಿಗೆ ಒಂದು ಕೆರೆ ಸಾಲದು. ಏನದು?"

"ದೇವರು, ಮಹಾಸ್ವಾಮಿ. ನೀರೆಂದರೆ ಅಭಿಷೇಕ."

"ದೇವರು ಕುಡಿದದ್ದನ್ನು ನಾನು ನೋಡಿಲ್ಲ" ಎಂದ ದೊರೆ. ವ್ಯಾಪಾರಿಯನ್ನೂ ಕರೆದೊಯ್ದರು.

ಗುರುಮಲ್ಲ ಮುಂದೆ ಬಂದಾಗ ಪ್ರಧಾನಿ ದೇವಪ್ಪರಸ ನಕ್ಕ. "ಏನಯ್ಯಾ, ರಕ್ತ ಒರೆಸೋಕೆ ಬಂದೆಯಾ? ಅದು ಹೊರಗೆ, ಅಂಗಳದಲ್ಲಿ."

"ಒಗಟಿಗೆ ಬಂದೆ, ಬುದ್ಧಿ."

"ಮೊದಲನೆಯದರ ಉತ್ತರ ಕದ್ದು ಕೇಳಿದ್ದೀಯೆ."

"ಕೇಳೋಕೆ ಮುಂಚೆಯೇ ಗೊತ್ತಿತ್ತು. ಒಂದು ಸಲ ನನ್ನ ಪೊರಕೆ ತಗುಲಿ ಒಂದು ಯಂತ್ರದ ತಂತಿ ಕಳಚಿಕೊಂಡಿತು. ಕಂದಾಯ, ಅಂಚೆ, ಆಸ್ಪತ್ರೆ, ಮೂವತ್ತು ಕಚೇರಿ ಒಟ್ಟಿಗೆ ನಿಂತುಹೋದವು. ಮೂವತ್ತು ಕಡೆಯವರೂ ಬಂದು ಬೈದರು. ಎಲ್ಲರೂ ನಮ್ಮ ಯಂತ್ರ, ನಮ್ಮ ಯಂತ್ರ ಅಂದರು." ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. "ಎರಡನೆಯದು ಕ್ಲೌಡೇ, ಬುದ್ಧಿ. ಹೆಸರು ಮೋಡ ಅಂತ. ಇರೋದು ಯಾರದೋ ಜಮೀನಿನಲ್ಲಿ ಕಟ್ಟಿದ ಯಂತ್ರಶಾಲೆ. ಅದರ ಕಾವು ಆರಿಸೋಕೆ ನೀರು ಬೇಕು. ಅಲ್ಲೂ ಒಬ್ಬ ಕಸ ಗುಡಿಸೋನು ಇರುತ್ತಾನೆ."

ಯಾರೂ ನಗಲಿಲ್ಲ. ದೊರೆ ಮೂರನೆಯದನ್ನು ಕೇಳಿದ.

"ನನ್ನ ಬಳಿ ಒಂದಿದೆ. ದಿನವೂ ಅದಕ್ಕೆ ಹಾಕುತ್ತ ಬಂದೆ, ಒಂದು ದಿನವೂ ಅದರಿಂದ ತೆಗೆದಿಲ್ಲ. ಏಳು ಬೀಗ ಜಡಿದು ಕೈಮುಗಿಯುತ್ತೇನೆ. ಇದೆ ಅಂದವನನ್ನು ನಂಬಲಾರೆ. ಇಲ್ಲ ಅಂದವನನ್ನು ತಾಳಲಾರೆ. ಏನದು?"

ಗುರುಮಲ್ಲನಿಗೆ ನೆಲಮಾಳಿಗೆಯ ಪೆಟ್ಟಿಗೆ ನೆನಪಾಯಿತು. ಪ್ರತಿ ಆಯುಧಪೂಜೆಗೆ ಆ ಪೆಟ್ಟಿಗೆಯ ಧೂಳು ಒರೆಸಿಕೊಟ್ಟವನು ಅವನೇ. ಪುರೋಹಿತರು ಅರಿಶಿನದ ನೀರು ಚಿಮುಕಿಸಿ, ಏಳು ಬೀಗಕ್ಕೂ ಕುಂಕುಮ ಮೆತ್ತುತ್ತಿದ್ದರು. ಪೂಜೆಯ ಗುರುತನ್ನು ಒರೆಸಬಾರದೆಂದು ಅವನಿಗೆ ತಾಕೀತಿತ್ತು. ಒಂಬತ್ತು ವರ್ಷದ ಕುಂಕುಮ ಪದರಪದರವಾಗಿ ಗಟ್ಟಿಯಾಗಿತ್ತು. ಕೀಲಿ ಹಾಕಿದ ಗೀರು ಒಮ್ಮೆಯೂ ಅದರ ಮೇಲೆ ಕಂಡಿರಲಿಲ್ಲ. ತಂತಿಯ ಮೂಲಕ ಒಳಗೆ ಹೋದದ್ದು ಸರಿಯಾಗಿ ಕೂತಿದೆಯೇ ಎಂದು ಯಾರೂ ನೋಡಿರಲಿಲ್ಲ.

ಉತ್ತರ ಹೇಳಿದರೆ ಪೆಟ್ಟಿಗೆ ತೆರೆಯುತ್ತಾರೆ. ತೆರೆಯುವವರೆಗೆ ಮಾದಿ ಅದರೊಳಗಿದ್ದಾಳೆ. ಸುಮ್ಮನಿದ್ದರೆ ಶೂಲ, ಆದರೆ ಅವಳು ಅಲ್ಲಿದ್ದಾಳೆ ಎಂದುಕೊಂಡೇ ಸಾಯಬಹುದು. ಅವನಿಗೆ ಅದೇ ಸುಲಭವಾಗಿ ಕಂಡಿತು. ಆಮೇಲೆ, ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅವಳ ದನಿ ಇನ್ನು ಉಳಿದಿರುವುದು ತನ್ನ ಕಿವಿಯೊಂದರಲ್ಲೇ ಎಂಬುದು ಹೊಳೆಯಿತು.

"ತೆರೆದು ನೋಡದ ಬ್ಯಾಕಪ್, ಬುದ್ಧಿ" ಎಂದ. "ಓದಿ ನೋಡೋವರೆಗೆ ಅದು ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ."

ದೊರೆ ಎದ್ದು ನಿಂತ. "ಕಮ್ಮಾರನನ್ನು ಕರೆಯಿರಿ."

ಕುಂಕುಮ ಕಚ್ಚಿದ ಬೀಗಗಳಿಗೆ ಕೀಲಿ ಇಳಿಯಲಿಲ್ಲ; ಒಡೆಯಬೇಕಾಯಿತು. ಒಳಗೆ ಅರಿಶಿನದ ನೀರು ಇಳಿದು, ನಕಲುಗಳನ್ನು ಬರೆದಿಟ್ಟ ತಟ್ಟೆಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಲ್ಲವರು ಮೂರು ದಿನ ಕೂತರು. ಒಂದು ಅಕ್ಷರವೂ, ಒಂದು ದನಿಯೂ ಬರಲಿಲ್ಲ.

"ಸತ್ತ ರಾಣಿಯ ಮಾತು ಇದರಲ್ಲಿತ್ತು" ಎಂದ ದೊರೆ. ನೆಲಮಾಳಿಗೆಯಲ್ಲಿ ಅವರಿಬ್ಬರೇ ಇದ್ದರು.

"ಅದಕ್ಕೇ ತೆರೆಸಲಿಲ್ಲವಾ, ಬುದ್ಧಿ?"

"ಅದಕ್ಕೇ."

"ಇಬ್ಬರು ಸತ್ತರು."

ದೊರೆ ಒಡೆದ ಬೀಗವೊಂದನ್ನು ಎತ್ತಿ ಪೆಟ್ಟಿಗೆಯ ಮೇಲಿಟ್ಟ. "ಒಂದು ವಸ್ತು ಕೊಡುವುದಾಗಿ ಸಾರಿಸಿದ್ದೆ. ಏನು ಬೇಕು?" ಎಂದ.

"ಬೇಕಾದ್ದು ಇದರಲ್ಲೇ ಇತ್ತು."

ಕೊಟ್ಟ ಮಾತಿನಂತೆ ಯಜಮಾನಿಕೆ ಅವನಿಗೇ ಬಂತು. ಗುರುಮಲ್ಲ ಮೂರು ಊರುಗಳಲ್ಲಿ ಮೂರು ಯಂತ್ರಶಾಲೆ ಕಟ್ಟಿಸಿದ. ಒಂದು ಸುಟ್ಟರೆ ಇನ್ನೆರಡು ಉಳಿಯಲೆಂದು ಪ್ರತಿಯೊಂದರ ನಕಲನ್ನೂ ಮೂರು ಕಡೆ ಇಡಿಸಿದ. ಬೀಗದ ಮೇಲೆ ಕುಂಕುಮ ಇಡುವುದನ್ನು ನಿಲ್ಲಿಸಿದ. ಶಾಲೆಯ ಮಕ್ಕಳ ಓದನ್ನು ಹೊಸದಾಗಿ ಧ್ವನಿಮುದ್ರಿಸಿದರು. ಸೋಮವಾರಕ್ಕೊಮ್ಮೆ ಅವನು ಒಂದು ನಕಲನ್ನು ತೆರೆದು, ಯಾವುದಾದರೂ ಒಂದು ಮಗುವಿನ ಓದನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾನೆ. ಮಗು ಯಾರದೋ. ಓದು ಮುಗಿದ ಮೇಲೆ ಪುಸ್ತಕದಲ್ಲಿ ಆ ಮಗುವಿನ ಹೆಸರು ಬರೆದು, ಮುಂದೆ 'ಇದೆ' ಎಂದು ಬರೆಯುತ್ತಾನೆ.