ಆನೆ ತನಿಖೆ ಮಾಡಿದ ರಸ್ತೆ

ಕಾಡಿನ ಜಲ್ಲಿರಸ್ತೆ ಮಾಡಿಸೋಕೆ ಬಂದ ಹೊಸ ಇಂಜಿನಿಯರ್ ಸಾಹೇಬರು ಒಂದು ಮಣ್ಣಿನ ಗುಂಡಿ ತೋರಿಸಿ, "ಇದನ್ನೇ ತೋಡಿ ರಸ್ತೆಗೆ ಹಾಕು" ಅಂದರು.

ಮೇಸ್ತ್ರಿ ಕೇತನಿಗೆ ಆ ಗುಂಡಿ ಗೊತ್ತಿತ್ತು. ಅದು ಉಪ್ಪುಮಣ್ಣು, ಆನೆಗಳು ದಿನಾ ಬಂದು ತಿನ್ನುವ ಜಾಗ. ರಸ್ತೆಗೆ ಹಾಕಿದರೆ ಆನೆಗಳೂ ರಸ್ತೆಗೇ ಬರುತ್ತವೆ. ಆಮೇಲೆ ಅಲ್ಲಿ ದುಡಿಯುವ ಅವನ ಹನ್ನೆರಡು ಆಳುಗಳ ಗತಿ?

"ಬ್ಯಾಡಿ ಬುದ್ಧಿ, ಆನೆ ಬತ್ತವೆ. ಹೊಳೆಯಾಚೆ ಜಲ್ಲಿ ತರ್ಸಿ."

"ನಂಗೇ ಕತೆ ಹೇಳ್ತೀಯಾ? ಹಾಕು, ಇಲ್ಲ ಕೆಲಸ ಬಿಡು!"

"ಆಗ್ಲಿ ಬುದ್ಧಿ. ಮೊದಲ ಲೋಡು ತಮ್ಮ ಬಿಡಾರದ ಮುಂದೇ ಸುರೀತೀನಿ."

ತಮ್ಮ ಬಾಗಿಲಿಗೇ ಮೊದಲ ಮರ್ಯಾದೆ ಅಂತ ಸಾಹೇಬರು ಹಿಗ್ಗಿದರು.

ಮಣ್ಣು ಸುರಿದ ಮರುದಿನ ಸಂಜೆ ಕೇತ ಲೆಕ್ಕ ಒಪ್ಪಿಸಲು ಬಿಡಾರದೊಳಗಿದ್ದಾಗಲೇ ಹದಿನೇಳು ಆನೆ ಬಂದವು! ಮುಂದಿನ ಸಲಗದ ದಂತ ಎಷ್ಟುದ್ದ ಅಂತೀರಿ, ಅದು ಬಾಗಿಲಲ್ಲಿ ನಿಂತರೆ ತುದಿ ಅಡುಗೆಮನೆಯಲ್ಲಿತ್ತು. ಗೋಡೆ ಗಡಗಡ. ಇಬ್ಬರೂ ಅಟ್ಟ ಹತ್ತಿದರು. ಸಾಹೇಬರು ಕೇತನ ತೋಳು ಹಿಡಿದರು.

"ಓಡ್ಸೋ ಮಾರಾಯ!"

"ಹೆಂಗೆ ಓಡ್ಸಲಿ ಬುದ್ಧಿ? ದೊಡ್ಡ ಸಾಹೇಬ್ರು ರಸ್ತೆ ತನಿಖೆ ಮಾಡ್ತಾವ್ರೆ. ಮಣ್ಣು ಬಲು ಹಿಡಿಸೈತೆ."

"ನಾಳೇನೇ ಇದನ್ನ ಗುಂಡಿಗೆ ವಾಪಸ್ ಹಾಕ್ಸು! ಹೊಳೆಯಾಚೆ ಜಲ್ಲೀನೇ ತರ್ಸು!" ಸಾಹೇಬರು ಕಿರುಚಿದರು.

ಕೇತ ಅವರ ಬಾಯಿಗೆ ಕೈ ಅಡ್ಡ ಹಿಡಿದ.

"ಮೆಲ್ಲಗೆ ಬುದ್ಧಿ. ದೊಡ್ಡ ಸಾಹೇಬ್ರು ಇನ್ನೂ ಊಟ ಮುಗಿಸಿಲ್ಲ."